ಬಿಡಲಾರದ ಉಸಿರು

ರಾತ್ರಿ ಎರಡರ ಮೇಲೆ ಉಬ್ಬಸ ಕೆರಳಿದಾಗ ಗಾಳಿ ಸಾಲುತ್ತಿಲ್ಲ ಅಂತಲೇ ಅನ್ನಿಸುತ್ತದೆ. ಆದರೆ ಎದೆಯಲ್ಲಿ ಗಾಳಿ ತುಂಬಿಯೇ ಇರುತ್ತದೆ. ಬಿಗಿದ ಶ್ವಾಸನಾಳಗಳು ಅದನ್ನು ಹೊರಗೆ ಬಿಡುವುದಿಲ್ಲ. ಸುಂಯ್ ಎನ್ನುವ ಸದ್ದು ಹೆಚ್ಚಾಗಿ ಉಸಿರು ಬಿಡುವಾಗಲೇ. ನಲವತ್ತು ವರ್ಷ ಇದರ ಜೊತೆ ಬಾಳಿದವಳಿಗೆ ಇದು ಬರೀ ವೈದ್ಯದ ಮಾತಾಗಿ ಉಳಿಯುವುದಿಲ್ಲ.

ದಾವಣಗೆರೆ ಬಿಟ್ಟು ಚೆನ್ನೈನ ತಾಂಬರಂಗೆ, ಮಗಳ ಮನೆಗೆ ಬಂದೆ. 1928ರಲ್ಲಿ ಕ್ಷಯರೋಗಿಗಳಿಗೆಂದು ಶುರುವಾದ ಆರೋಗ್ಯಧಾಮದಿಂದ ಇಲ್ಲೊಂದು ರೈಲು ನಿಲ್ದಾಣಕ್ಕೆ ಸ್ಯಾನಟೋರಿಯಂ ಎಂದೇ ಹೆಸರು. ಅದೇ ಬಡಾವಣೆಯಲ್ಲಿ 2005ರಿಂದ ತಮಿಳರ ಸಿದ್ಧ ವೈದ್ಯದ ರಾಷ್ಟ್ರೀಯ ಸಂಸ್ಥೆಯಿದೆ. ಅಲ್ಲಿನ ವೈದ್ಯೆ ನಾಡಿ ಹಿಡಿದು, "ಅಮ್ಮಾ, ಐಯಂ ಏರಿದೆ" ಅಂದರು. ನಮ್ಮ ಕಫವೇ ಅವರ ಐಯಂ. ಅವರು ಬರೆದುಕೊಟ್ಟ ಆಡಾತೋಡೈ ಯಾವುದೆಂದು ನೋಡಿದರೆ ನಮ್ಮ ಹಿತ್ತಲಿನ ಆಡುಸೋಗೆ! ತಮಿಳಿನಲ್ಲಿ ಅದು ಆಡು ಮುಟ್ಟದ ಎಲೆಯಂತೆ. ನಾವೋ, ಆಡು ಮುಟ್ಟದ ಸೊಪ್ಪೇ ಇಲ್ಲ ಎನ್ನುವವರು. ಅವ್ವ ಆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ನೆಕ್ಕಿಸುತ್ತಿದ್ದಳು. ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಎಂಬ ಔಷಧಿಗೆ ಮೂಲ ಈ ಎಲೆಯಲ್ಲಿರುವ ವಾಸಿಸಿನ್. ಹಾಗೆಂದು ಎಲೆ ಇನ್‌ಹೇಲರ್ ಪಂಪಿನ ಕೆಲಸ ಮಾಡುವುದಿಲ್ಲ. ಹಿಂದೊಮ್ಮೆ ಯೋಗ ಶಿಬಿರದಲ್ಲಿ ಗುರುವೊಬ್ಬರು, "ಪಂಪು ಬಿಸಾಡಿ, ಉಸಿರು ಕಟ್ಟಿ ಕುಂಭಕ ಹಿಡಿಯಿರಿ" ಅಂದಿದ್ದರು. ಮೂರನೆಯ ರಾತ್ರಿ ತುಟಿ ನೀಲಿಗಟ್ಟಿ ಆಸ್ಪತ್ರೆ ಸೇರಿದೆ.

ಆಮೇಲೆ ಕಾಡಿದ್ದು ಸಿಟ್ಟಲ್ಲ, ಒಂದು ಪ್ರಶ್ನೆ. ತಮಿಳು ಸಿದ್ಧರಿಗೆ ದೇಹ ದೊಡ್ಡದು. ತಿರುಮಂದಿರಂನ 3,000ಕ್ಕೂ ಹೆಚ್ಚು ಪದ್ಯ ಕಟ್ಟಿದ ತಿರುಮೂಲರ್ ಅದರೊಳಗೇ ದೇವರನ್ನು ಕಂಡವರು. ದಿನಕ್ಕೆ 21,600 ಉಸಿರು ಎಂಬುದು ಯೋಗಿಗಳ ಲೆಕ್ಕ. ಉಸಿರನ್ನು ಉಳಿಸಿಕೊಂಡವನು ಆಯಸ್ಸನ್ನು ಉಳಿಸಿಕೊಂಡ ಹಾಗೆ. ಹಿಡಿದಿಡುವುದೇ ಯೋಗವಾದರೆ, ಉಸಿರು ತಾನಾಗಿ ಕಟ್ಟಿಕೊಳ್ಳುವ ನನ್ನಂಥವಳಿಗೆ ಯಾವ ಯೋಗ?

ಶೂನ್ಯಸಂಪಾದನೆಯ ಗೋರಕ್ಷ ನೆನಪಾದ. ಕಾಯಸಿದ್ಧಿ ಪಡೆದ ಅವನ ಮೈಗೆ ಕತ್ತಿ ಬೀಸಿದರೆ ಖಣಿಲೆಂದಿತು. ಅದೇ ಕತ್ತಿ ಅಲ್ಲಮನ ಮೈಯಲ್ಲಿ ಬಯಲಲ್ಲಿ ಬೀಸಿದಂತೆ ಹಾದುಹೋಯಿತು. ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ಆಸ್ಪತ್ರೆಯ ಮಂಚದ ಮೇಲೆ, ಮೂಗಿಗೆ ನೆಬ್ಯುಲೈಸರ್ ಕಟ್ಟಿದ್ದಾಗ, ಅದು ನನ್ನ ಎದೆಯ ಕಥೆಯೇ ಅನ್ನಿಸಿತು. ಗೋರಕ್ಷನ ಗಟ್ಟಿತನ ನನಗೆ ಬೇಡ. ಗಟ್ಟಿಯಾಗಿ ಮುಚ್ಚಿಕೊಂಡ ಮೈ ಎಂಥದೆಂದು ಬಲ್ಲೆ. ಅಲ್ಲಮನ ಬಯಲು ನನ್ನ ಎಟುಕಿಗೆ ಮೀರಿದ್ದು. ಗಾಳಿ ಬಂದು ಹೋಗುವಷ್ಟು ದಾರಿ ತೆರೆದಿಡುವುದು ಮಾತ್ರ ನನ್ನ ಪಾಲಿನ ಸಾಧನೆ. ಅದಕ್ಕೆ ಪಂಪೂ ಬೇಕು, ಆಡುಸೋಗೆಯೂ ಇರಲಿ.

ಬೆಳಗ್ಗೆ ಮಂಚದ ಅಂಚಿನಲ್ಲಿ ಕೂತು ಮೂರು ಎಣಿಸುತ್ತ ಉಸಿರು ಎಳೆದುಕೊಳ್ಳುತ್ತೇನೆ. ಹಿಡಿಯುವುದಿಲ್ಲ. ತುಟಿ ಕಿರಿದು ಮಾಡಿ, ಬಿಸಿ ಹಾಲು ಆರಿಸುವಂತೆ ಆರು ಎಣಿಸುವವರೆಗೆ ಬಿಡುತ್ತೇನೆ. ತಮಿಳರ ಐಪ್ಪಸಿ ತಿಂಗಳ ಮಳೆ ಹಿಡಿದ ದಿನಗಳಲ್ಲಿ ನಾಲ್ಕಕ್ಕೇ ನಿಂತುಬಿಡುತ್ತದೆ. ಆಗ ದಿಂಬಿನ ಪಕ್ಕದ ಪಂಪು ಕೈಗೆತ್ತಿಕೊಳ್ಳುತ್ತೇನೆ.