ಮೆದುಳಿನ ಚಿತ್ರ ಮತ್ತು ನಮ್ಮ ಹೊಣೆ

ಶ್ರೀನಗರದ ಒಂದು ಸಾಮಾನ್ಯ ಕುಟುಂಬದ ಮಗುವಿಗೆ ಮೆದುಳು ಜ್ವರ ಬಂದಿದೆ ಎಂದುಕೊಳ್ಳಿ. ಕೆಲವೇ ಕಿಲೋಮೀಟರ್ ದೂರದಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ, ಅದರ ಹತ್ತಿರವೇ ನಿಮ್ಹಾನ್ಸ್ ಇದೆ. ವೆಂಟಿಲೇಟರಿನಲ್ಲಿರುವ ಮಗು ಕಣ್ಣು ತೆರೆಯುತ್ತಿಲ್ಲ. ಹೆತ್ತವರು ಕೇಳುವುದು ಒಂದೇ: 'ತಲೆಯೊಳಗೆ ಜೀವ ಇದೆಯಾ ಡಾಕ್ಟ್ರೇ?'

ವಿಜ್ಞಾನ ಇದಕ್ಕೆ ಸ್ವಲ್ಪ ಉತ್ತರ ಕೊಡಬಲ್ಲದು. ಮೆದುಳು ಬದುಕುವುದು ಗ್ಲೂಕೋಸ್ ಮತ್ತು ಆಮ್ಲಜನಕದಿಂದ. ಪೆಟ್ ಸ್ಕ್ಯಾನ್ ಗ್ಲೂಕೋಸ್ ಎಲ್ಲಿ ಎಷ್ಟು ಬಳಕೆಯಾಗುತ್ತಿದೆ ಎಂದು ತೋರಿಸುತ್ತದೆ. ಎಂಆರ್‌ಐ ಯಂತ್ರದ ಒಂದು ವಿಶೇಷ ಪರೀಕ್ಷೆ, ಆಮ್ಲಜನಕ ಸಾಲದೆ ಮೆದುಳಿನಲ್ಲಿ ಶೇಖರವಾದ ಲ್ಯಾಕ್ಟೇಟನ್ನು ಗುರುತಿಸುತ್ತದೆ. ಹ್ಯಾರಿ ಚುಗಾನಿ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 3-4 ವರ್ಷದ ಮಗುವಿನ ಮೆದುಳಿನ ಹೊರಪದರ ವಯಸ್ಕರಿಗಿಂತ ಸುಮಾರು ಎರಡು ಪಟ್ಟು ಗ್ಲೂಕೋಸ್ ಬಳಸುತ್ತದೆ. ಆದ್ದರಿಂದ ದೊಡ್ಡವರ ಅಳತೆಗೋಲು ಮಗುವಿಗೆ ಹೊಂದದು.

ಆದರೆ ಚಿತ್ರ ಮಂಕಾಗಿ ಕಂಡೊಡನೆ ಮೆದುಳು ನಾಶವಾಯಿತೆಂದು ಅರ್ಥವಲ್ಲ. ಫಿಟ್ಸ್ ತಡೆಯಲು, ನಿದ್ರೆ ಬರಿಸಲು ಕೊಟ್ಟ ಔಷಧಿಗಳೂ ಮೆದುಳಿನ ಬಳಕೆಯನ್ನು ಕುಗ್ಗಿಸುತ್ತವೆ. ಅದು ಆ ಹೊತ್ತಿನ ಚಿತ್ರ, ಮಗುವಿನ ಭವಿಷ್ಯವಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯ ಅಡಿಯಲ್ಲೂ ಮೆದುಳು ಕಾಂಡದ ಸಾವನ್ನು ದೃಢೀಕರಿಸುವುದು ವೈದ್ಯರ ಮಂಡಳಿ. ಹಾಸಿಗೆಯ ಬಳಿ ಪರೀಕ್ಷಿಸಿ, ಕನಿಷ್ಠ 6 ಗಂಟೆ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿ.

ಇಲ್ಲಿ ಎರಡು ತಪ್ಪುಗಳಿಗೆ ದಾರಿಯಿದೆ. ಚಿತ್ರವನ್ನು ಮುಂದೆ ಹಿಡಿದು ವೈದ್ಯರು ತಮ್ಮ ಹೊಣೆಯಿಂದ ಜಾರಿಕೊಳ್ಳಬಹುದು. ಇನ್ನೊಂದೆಡೆ, ಆಸೆಯನ್ನು ಬಿಡಲಾಗದ ಹೆತ್ತವರು ಒಡವೆ ಅಡವಿಟ್ಟು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸಬಹುದು. ವೆಂಟಿಲೇಟರಿನಲ್ಲಿರುವ ಮಗುವನ್ನು ಸ್ಕ್ಯಾನಿಗೆ ಸಾಗಿಸುವುದೇ ಒಂದು ಅಪಾಯ. ಹಾಗಾಗಿ ಮೊದಲು ಕೇಳಬೇಕಾದದ್ದು, 'ಈ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ?' ಎಂದು. ಇಲ್ಲವೆಂದಾದರೆ, ಆ ಪರೀಕ್ಷೆಯಿಂದ ಮಗುವಿಗೇನು ಲಾಭ?

ಯಂತ್ರ 'ಇದೆ', 'ಇಲ್ಲ' ಎನ್ನಬಲ್ಲದು, 'ಸಾಕು' ಎನ್ನಲಾರದು. ಅದು ಮನುಷ್ಯರು ಹೊಣೆ ಹೊತ್ತು ಹೇಳಬೇಕಾದ ಮಾತು. ಗುಣವಾಗುವ ಭರವಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಕ್ರಮವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ, 2023ರಲ್ಲಿ ಸರಳಗೊಳಿಸಿತು. ಕರ್ನಾಟಕ ಸರಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶ ಹೊರಡಿಸಿತು. ಇದರಲ್ಲಿ ಎರಡು ವೈದ್ಯಕೀಯ ಮಂಡಳಿಗಳ ಅಭಿಪ್ರಾಯ ಬೇಕು, ಕುಟುಂಬದ ಒಪ್ಪಿಗೆಯೂ ಬೇಕು. ಯಾರೊಬ್ಬರ ತಲೆಯ ಮೇಲೂ ಇಡೀ ಭಾರ ಬೀಳಬಾರದೆಂಬುದೇ ಇದರ ತಿರುಳು.

ಆ ತಿರುಳು ಕಾಗದದಲ್ಲೇ ಉಳಿಯಬಾರದು. ಚಿತ್ರದಲ್ಲಿ ಕಂಡದ್ದೇನು, ಕಾಣದ್ದೇನು ಎಂಬುದನ್ನು ತಾಯಿಗೆ ಅರ್ಥವಾಗುವ ಭಾಷೆಯಲ್ಲಿ, ಅವಳ ಪಕ್ಕ ಕೂತು ಹೇಳುವುದೂ ಚಿಕಿತ್ಸೆಯೇ.