ಹೊಲಿದಿಟ್ಟ ಹೆಸರುಗಳು

ಹಳೆಯ ಸೀರೆ, ಮಕ್ಕಳಿಗೆ ಗಿಡ್ಡವಾದ ಅಂಗಿ, ಅಪ್ಪನ ಧೋತರ ಎಲ್ಲ ಕೂಡಿಸಿ ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುತ್ತಾರೆ. ತೀರಿಹೋದವರ ಬಟ್ಟೆಯ ತುಂಡು ಅದರಲ್ಲಿದ್ದರೆ ಅಜ್ಜಿ ಮುಟ್ಟಿ ತೋರಿಸುತ್ತಾಳೆ, ಅವರ ಮಾತು ಬರುತ್ತದೆ. 2025ರ ಜೂನ್‌ನಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ದೊಡ್ಡ ಹಜಾರದಲ್ಲಿ ಅಂಥ ಕೌದಿಗಳನ್ನೇ ಹಾಸಿದ್ದರು. ಏಡ್ಸ್‌ಗೆ ಬಲಿಯಾದ 384 ಜನರ ನೆನಪಿಗೆ ಸಂಗಾತಿಗಳು, ಗೆಳೆಯರು, ಮನೆಯವರು ಹೊಲಿದವು ಅವು. ಒಬ್ಬೊಬ್ಬರಿಗೆ ಆರಡಿ ಉದ್ದ, ಮೂರಡಿ ಅಗಲದ ಬಟ್ಟೆ. ಮನುಷ್ಯನನ್ನು ಮಣ್ಣು ಮಾಡಲು ಅಷ್ಟೇ ಜಾಗ ಸಾಕು.

ಏಡ್ಸ್ ಹಬ್ಬತೊಡಗಿದಾಗ ಹೆಸರನ್ನು ಹೀಗೆ ಬಟ್ಟೆಗೆ ಹೊಲಿದು ಉಳಿಸಿಕೊಳ್ಳಬೇಕಾದ ಕಾಲವಿತ್ತು. 1987ರ ಏಪ್ರಿಲ್‌ನಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಏಡ್ಸ್ ವಾರ್ಡನ್ನು ಉದ್ಘಾಟಿಸಿದ ರಾಜಕುಮಾರಿ ಡಯಾನಾ, ಕೈಗವಸು ಹಾಕದೆ ಒಬ್ಬ ರೋಗಿಯ ಕೈ ಕುಲುಕಿದರು. ಮುಟ್ಟಿದರೆ ರೋಗ ಬರುವುದಿಲ್ಲವೆಂದು ಜಗತ್ತಿಗೆ ತಿಳಿಸಿದ ಫೋಟೋ ಅದು. ಆದರೆ ಆ ರೋಗಿ ತಮ್ಮ ಮುಖ ಕಾಣಿಸಬಾರದೆಂದು ಕೇಳಿಕೊಂಡಿದ್ದರು. ರೋಗದ ಸುದ್ದಿಯೊಂದಿಗೆ ತಾನು ಸಲಿಂಗಪ್ರೇಮಿ ಎಂಬುದೂ ಬಯಲಾಗುತ್ತದೆಂಬ ಭಯ ಆಗ ಸಾವಿರಾರು ಜನರನ್ನು ಕಾಡುತ್ತಿತ್ತು. ಸಾವಿನ ಹೊಸ್ತಿಲಲ್ಲೂ ಮುಖ ಮರೆಸಿಕೊಳ್ಳಬೇಕಾಗಿ ಬಂದದ್ದನ್ನು ನೆನೆದರೆ ಎದೆ ಭಾರವಾಗುತ್ತದೆ.

ಬ್ರಿಟನ್ನಿನಲ್ಲಿ ಏಡ್ಸ್‌ನಿಂದ ಮೊದಲು ತೀರಿಕೊಂಡವರಲ್ಲಿ ಟೆರೆನ್ಸ್ ಹಿಗಿನ್ಸ್ ಒಬ್ಬರು. 1982ರ ಜುಲೈ 4ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದಾಗ ಅವರಿಗೆ 37 ವರ್ಷ. ಸಂಗಾತಿ ರೂಪರ್ಟ್ ವಿಟೇಕರ್, ಗೆಳೆಯ ಮಾರ್ಟಿನ್ ಬಟ್ಲರ್ ಮತ್ತಿತರರು ದುಃಖವನ್ನೇ ಕೆಲಸವಾಗಿಸಿ ಅವರ ಹೆಸರಿನಲ್ಲಿ ಕಟ್ಟಿದ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಅಂಥ ಸಂಗಾತಿಗಳ ಸಂಬಂಧವನ್ನು ಆಗ ಕಾನೂನು ಒಪ್ಪುತ್ತಿರಲಿಲ್ಲ, ಅಲ್ಲಿ ಸಲಿಂಗ ಜೋಡಿಗಳ ಸಂಬಂಧದ ನೋಂದಣಿ ಶುರುವಾದದ್ದು 2005ರಲ್ಲಿ. ರಾತ್ರಿಯೆಲ್ಲ ಹಾಸಿಗೆಯ ಪಕ್ಕ ಕೂತವನನ್ನು ಅಂತ್ಯಕ್ರಿಯೆಯಲ್ಲಿ ದೂರ ನಿಲ್ಲಿಸಿದ ಕುಟುಂಬಗಳಿದ್ದವು. ಈ ಸಂಕಟ ಬಿಳಿಯರದಷ್ಟೇ ಅಲ್ಲ. ಅಲ್ಲಿನ ದಕ್ಷಿಣ ಏಷ್ಯಾ ಮೂಲದ ಮನೆಗಳಲ್ಲಿ ಮೌನ ಇನ್ನೂ ಗಟ್ಟಿಯಾಗಿತ್ತು. ಅದಕ್ಕೇ ಶಿವಾನಂದ ಖಾನ್ 1991ರಲ್ಲಿ ಲಂಡನ್ನಿನಲ್ಲಿ ಆ ಸಮುದಾಯಗಳಿಗೆ ನೆರವಾಗಲು ನಾಜ್ ಪ್ರಾಜೆಕ್ಟ್ ಎಂಬ ಸಂಸ್ಥೆ ಆರಂಭಿಸಿದರು.

ಇಂದು ಏಡ್ಸ್‌ಗೆ ಕಾರಣವಾಗುವ ಎಚ್‌ಐವಿ ಇರುವವರು ತಪ್ಪದೆ ಮಾತ್ರೆ ತೆಗೆದುಕೊಂಡರೆ ಎಲ್ಲರಂತೆ ಬಾಳಬಹುದು. ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದರೆ ಸಂಗಾತಿಗೂ ಅದು ದಾಟುವುದಿಲ್ಲ. ಔಷಧಕ್ಕೆ ಬಗ್ಗದೆ ಉಳಿದಿರುವುದು ನಮ್ಮ ಸಂಕೋಚ. ನಮ್ಮ ಬಳಗದಲ್ಲೂ ಯಾರೂ ಹೆಸರೆತ್ತದ ಒಬ್ಬ ಚಿಕ್ಕಪ್ಪನೋ ಸೋದರಮಾವನೋ ಇರಬಹುದು. ತಿಥಿಯ ದಿನ ಅವರ ಹೆಸರು ಹೇಳಿ, ಮಕ್ಕಳಿಗೆ ಫೋಟೋ ತೋರಿಸಿ. ಕೊನೆತನಕ ಆರೈಕೆ ಮಾಡಿದ ಸಂಗಾತಿ ಇದ್ದರೆ ಕರೆಯಿರಿ, ಮನೆಯವರ ಪಂಕ್ತಿಯಲ್ಲೇ ಅವರಿಗೂ ಎಲೆ ಹಾಕಿ.