ಕತ್ತಿ ಹಿಡಿಯದ ಪುರೋಹಿತನ ಪಾಲು

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟದಲ್ಲಿ ಆಟಗಾರರಿಗೆ ಮೂರೇ ವೃತ್ತಿಗಳಿದ್ದವು: ಯೋಧ, ಮಂತ್ರವಾದಿ ಮತ್ತು ಕ್ಲೆರಿಕ್ ಎಂಬ ಪುರೋಹಿತ. ಪುರೋಹಿತನಿಗೆ ಒಂದು ಕಟ್ಟಳೆ. ಅವನು ಅಲಗಿರುವ ಆಯುಧ ಹಿಡಿಯುವಂತಿಲ್ಲ. ಕತ್ತಿ ಬೇಡ, ಗದೆ ಆಗಬಹುದು. ರಕ್ತ ಚಿಮ್ಮದಿದ್ದರೆ ತಲೆಬುರುಡೆ ಒಡೆದರೂ ದೋಷವಿಲ್ಲ ಎಂಬಂತಿರುವ ಈ ನಿಯಮ ಓದಿದಾಗೆಲ್ಲ ನನಗೆ ನಗು ಬರುತ್ತದೆ. ಆದರೆ ನಿಯಮದ ಒಳಗಿರುವ ಪ್ರಶ್ನೆ ನಗುವಂಥದ್ದಲ್ಲ: ಹೊಡೆದಾಟದಿಂದ ದೂರ ಉಳಿಯುವುದು ಎಂದರೆ ಎಷ್ಟು ದೂರ?

ಮೇಜಿನ ಸುತ್ತ ಕೂತು ಆಡುವ ಇಂಥ ಆಟಗಳಲ್ಲಿ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಅಂದುಕೊಂಡದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕೊಪ್ಪದ ನಮ್ಮ ಗುಂಪಿಗೆ ಆಟ ಕಟ್ಟುವ ಕೆಲಸ ನನ್ನದು. ಈ ಸಲ ಗೆಳತಿಯೊಬ್ಬಳು, “ನಂಗೊಂದು ಹೊಡೆದಾಟಕ್ಕೆ ಹೋಗದ ಭಟ್ಟರ ಪಾತ್ರ ಮಾಡ್ಕೊಡು. ಹಂಗಂತ ಮೂಲೇಲಿ ಜಪ ಮಾಡ್ತಾ ಕೂರೋದೂ ಬೇಡ” ಎಂದಳು. ಕೇಳಲು ಸುಲಭ, ಕಟ್ಟಲು ಕಷ್ಟ.

ಎಲ್ಲರೂ ಹಿಡಿಯುವ ದಾರಿ ಒಂದಿದೆ: ಅವನನ್ನು ಗಾಯ ವಾಸಿಮಾಡುವವನಾಗಿ ಮಾಡುವುದು. ಆದರೆ ಆಟದಲ್ಲಿ ವಾಸಿಯಾದ ಯೋಧ ಮರುಕ್ಷಣವೇ ಎದ್ದು ಮತ್ತೆ ಕತ್ತಿ ಬೀಸುತ್ತಾನೆ. ಹಾಗಾದರೆ ಪುರೋಹಿತ ಆ ಕತ್ತಿಗೆ ಸಾಣೆ ಹಿಡಿದವನಷ್ಟೇ. 1949ರ ಜಿನೀವಾ ಒಪ್ಪಂದ ಸೇನೆಯ ಜೊತೆಗಿರುವ ವೈದ್ಯರಿಗೂ ಧರ್ಮಗುರುಗಳಿಗೂ ರಕ್ಷಣೆ ಕೊಡುತ್ತದೆ. ಗಾಯಾಳು ಯಾವ ಪಕ್ಷದವನಾದರೂ ಭೇದವಿಲ್ಲದೆ ಆರೈಕೆ ಸಿಗಬೇಕು ಎಂದೂ ಅದೇ ಒಪ್ಪಂದ ಹೇಳುತ್ತದೆ. ನಮ್ಮವರನ್ನು ಮಾತ್ರ ಬದುಕಿಸುವವನು ಯುದ್ಧದ ಹೊರಗಿನವನಲ್ಲ ಎಂದು ಇದರಿಂದ ನಾನು ಅರ್ಥಮಾಡಿಕೊಂಡಿದ್ದೇನೆ. ಆದ್ದರಿಂದ ನನ್ನ ಮೊದಲ ನಿಯಮ: ಎದುರು ಬಿದ್ದವನು ಶತ್ರುವಾದರೂ ಈ ಪುರೋಹಿತ ಅವನ ಬಾಯಿಗೆ ನೀರು ಬಿಡಬೇಕು.

ಇನ್ನುಳಿದ ನಿಯಮಗಳಿಗೆ ನಾನು ದೂರದ ಪುಸ್ತಕಗಳನ್ನು ನೋಡಲಿಲ್ಲ. ನಮ್ಮ ಅಕ್ಕಪಕ್ಕದ ಊರುಗಳೇ ಸಾಕಾದವು.

ಶೃಂಗೇರಿಯನ್ನೇ ನೋಡಿ. 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ನಡುವೆ, ಮರಾಠಾ ಸೇನೆಯ ಸವಾರರು ಮಠವನ್ನು ಕೊಳ್ಳೆ ಹೊಡೆದರು. ಅಲ್ಲಿದ್ದವರಲ್ಲಿ ಹಲವರು ಸತ್ತರು. ಮೂರನೆಯ ಸಚ್ಚಿದಾನಂದ ಭಾರತಿ ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಅವರು ಟಿಪ್ಪು ಸುಲ್ತಾನನಿಗೆ ವಿಷಯ ತಿಳಿಸಿದರು. ಟಿಪ್ಪು 200 ರಹತಿ ನಗದು, ಜೊತೆಗೆ ದವಸ ಕೊಡಿಸಲು ಬಿದನೂರಿನ ಅಧಿಕಾರಿಗೆ ಅಪ್ಪಣೆ ಮಾಡಿದ. ಈ ಪತ್ರಗಳು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರ ಕಣ್ಣಿಗೆ ಬಿದ್ದವು. ಸಾಮಾನ್ಯವಾಗಿ ಇವನ್ನು ಸೌಹಾರ್ದದ ಸಾಕ್ಷಿಯಾಗಿ ಓದುತ್ತೇವೆ, ಸರಿಯೇ. ಆದರೆ ಅವುಗಳಲ್ಲಿ ಇನ್ನೊಂದು ಮಾತೂ ಇದೆ: ಶತಚಂಡಿ, ಸಹಸ್ರಚಂಡಿ ಜಪ ಮಾಡಿಸಿ ರಾಜ್ಯದ ಕ್ಷೇಮಕ್ಕೂ ಶತ್ರುಗಳ ನಾಶಕ್ಕೂ ಪ್ರಾರ್ಥಿಸಬೇಕೆಂಬ ಕೋರಿಕೆ. ಆಯುಧವಿಲ್ಲದವರ ಬಾಗಿಲಿಗೆ ಯುದ್ಧ ಎರಡು ಸಲ ಬಂತು. ಮೊದಲು ಕುದುರೆ ಏರಿ, ಆಮೇಲೆ ದಕ್ಷಿಣೆ ಹಿಡಿದು. ಎರಡನೆಯದಕ್ಕೆ ಉತ್ತರ ಹೇಳುವುದು ಹೆಚ್ಚು ಕಷ್ಟ.

ನರಸಿಂಹರಾಜಪುರದ ಪಕ್ಕದ ಸಿಂಹನಗದ್ದೆ ಜೈನ ಕ್ಷೇತ್ರದಲ್ಲಿ ಇದೇ ತೊಡಕು ಬೇರೆ ರೂಪದಲ್ಲಿದೆ. ಅಲ್ಲಿಯ ದೇವಿ ಜ್ವಾಲಾಮಾಲಿನಿ, ಎಂಟನೆಯ ತೀರ್ಥಂಕರ ಚಂದ್ರಪ್ರಭನ ಯಕ್ಷಿ. ತೀರ್ಥಂಕರನ ಕೈಯಲ್ಲಿ ಏನೂ ಇಲ್ಲ. ಯಕ್ಷಿಗೆ ಎಂಟು ಕೈ, ಕೈಗಳಲ್ಲಿ ಆಯುಧ. ಇದನ್ನು ತತ್ವಶಾಸ್ತ್ರ ಹೇಗಾದರೂ ವಿವರಿಸಲಿ, ಆಟ ಕಟ್ಟುವವನಿಗೆ ಕಾಣುವುದು ಇಷ್ಟು: ಒಬ್ಬರು ನಿರಾಯುಧರಾಗಿ ಕೂತಲ್ಲಿ ಇನ್ನೊಬ್ಬರು ಕಾವಲು ನಿಂತಿರಬಹುದು. ಗುಂಪಿನ ಯೋಧರ ಬೆನ್ನ ಹಿಂದೆ ಕ್ಷೇಮವಾಗಿರುವ ಪುರೋಹಿತ ಅವರಿಗೆ ಸಾಲಗಾರ.

ಹಾಗಾದರೆ ಅವನಿಗೆ ಸ್ವಂತದ ಶಕ್ತಿ ಏನು? ಇದಕ್ಕೆ ಶೃಂಗೇರಿ ತಾಲ್ಲೂಕಿನ ಕಿಗ್ಗಾದಲ್ಲಿ ಉತ್ತರವಿದೆ. ಮಳೆಗಾಗಿ ಜನ ಮೊರೆಹೋಗುವ ಋಷ್ಯಶೃಂಗೇಶ್ವರ ಅಲ್ಲಿದ್ದಾನೆ. ಪುರಾಣದ ಋಷ್ಯಶೃಂಗ ಯಾರನ್ನೂ ಸೋಲಿಸಿದವನಲ್ಲ. ಅವನು ಕಾಲಿಟ್ಟಲ್ಲಿ ಮಳೆ ಬಂತು. ಆದರೆ ಅಂಗದೇಶದ ರೋಮಪಾದ ಅವನನ್ನು ಕರೆಸಿಕೊಂಡದ್ದು ವೇಶ್ಯೆಯರನ್ನು ಕಳಿಸಿ, ಮರುಳುಮಾಡಿ. ಕೊಲ್ಲದ ಶಕ್ತಿಯನ್ನೂ ಬೇರೆಯವರು ತಮ್ಮ ಕೆಲಸಕ್ಕೆ ಎಳೆದುಕೊಳ್ಳಬಹುದು.

ಇವನ್ನೆಲ್ಲ ಕೂಡಿಸಿ ನಾನು ಬರೆದ ಮುಖ್ಯ ನಿಯಮ ಹೀಗಿದೆ. ಯೋಧ ಕತ್ತಿ ಎತ್ತುವ ಮುಂಚೆ ಪುರೋಹಿತನನ್ನು ಹರಕೆ ಕೇಳಬಹುದು. ದಾಳ ಉರುಳುವ ಮೊದಲೇ ಪುರೋಹಿತ ಎಲ್ಲರಿಗೂ ಕೇಳುವಂತೆ ಉತ್ತರ ಕೊಡಬೇಕು. ಹೂಂ ಎಂದರೆ ಯೋಧನಿಗೆ ಬಲ ಬರುತ್ತದೆ. ಸತ್ತವನ ಹೆಸರು ಇಬ್ಬರ ಹಾಳೆಯಲ್ಲೂ ಬರೆಯಲಾಗುತ್ತದೆ. ಊಹೂಂ ಎಂದು ಜೊತೆಗಾರನೇ ಸತ್ತರೆ, ಆ ಹೆಸರೂ ಪುರೋಹಿತನ ಹಾಳೆಗೇ.

ಇದು ಅತಿಯಾಯಿತು ಎಂದು ಗೆಳೆಯನೊಬ್ಬ ವಾದಿಸಿದ. ಮಗ ಸೈನ್ಯದಲ್ಲಿದ್ದರೆ ತಾಯಿ ದೀಪ ಹಚ್ಚುವುದಿಲ್ಲವೇ, ಅವಳೂ ಕೊಂದವಳೇ ಎಂಬುದು ಅವನ ಪ್ರಶ್ನೆ. ಅಲ್ಲ. ಮಗ ಬದುಕಿ ಬರಲಿ ಎಂಬುದಕ್ಕೂ ಅವನ ಎದುರಾಳಿ ಸಾಯಲಿ ಎಂಬುದಕ್ಕೂ ವ್ಯತ್ಯಾಸವಿದೆ. ಅದಕ್ಕೇ ಹರಕೆಯ ಮಾತುಗಳನ್ನು ಆಟಗಾರ್ತಿಯೇ ಆರಿಸಿಕೊಳ್ಳಬೇಕು. ಯೋಧನನ್ನು ಕಾಯುವ ಮಾತು ಬೇರೆ, ಕತ್ತಿಯನ್ನು ಹರಿತಗೊಳಿಸುವ ಮಾತು ಬೇರೆ.

ಕೈ ಖಾಲಿಯಿದ್ದ ಮಾತ್ರಕ್ಕೆ ಶುದ್ಧವಾಗುವುದಿಲ್ಲ, ನಿಜ. ಆದರೆ ಯಾರ ಕೈಯೂ ಶುದ್ಧವಲ್ಲ ಎಂದುಕೊಂಡು ಕತ್ತಿ ಎತ್ತಿಕೊಳ್ಳುವುದಕ್ಕೂ, ತನ್ನ ಪಾಲು ಎಷ್ಟು ಎಂದು ಲೆಕ್ಕ ಇಟ್ಟುಕೊಂಡೇ ಎತ್ತದಿರುವುದಕ್ಕೂ ಬಹಳ ಅಂತರವಿದೆ. ಹೊಡೆದಾಡದ ಪುರೋಹಿತನ ಪಾತ್ರವೆಂದರೆ ಆ ಅಂತರದಲ್ಲಿ ನಿಲ್ಲುವುದು. ಮನೆ ಸುಟ್ಟ ಮೇಲೆ ಅಕ್ಕಿ ಕಳಿಸಿದವನು ಶತ್ರುನಾಶದ ಜಪ ಕೇಳಿದಾಗ ಏನೆನ್ನಬೇಕು ಎಂಬುದಕ್ಕೆ ನನ್ನ ನಿಯಮದಲ್ಲಿ ಉತ್ತರವಿಲ್ಲ. ಉತ್ತರ ಕೊಡದೆ ದಾಟುವಂತಿಲ್ಲ ಎಂದಷ್ಟೇ ಇದೆ.